ಪೌಡರ್ ಹೊಟ್ಟೆಗೆ ಹೋಯಿತು, ತೋಳಿಗೆ ಯಾಕೆ ಬರಲಿಲ್ಲ?

ಬೆಳಗಾವಿಯಿಂದ ಹಿಡಿದು ಜಮಖಂಡಿ, ಮುಧೋಳ, ಇಂಡಿ, ಸಿಂದಗಿಯವರೆಗೆ ಈಗ ಜಿಮ್ ಇಲ್ಲದ ಊರು ಅಪರೂಪ. ಜಾತ್ರೆಯ ಕುಸ್ತಿಗೆ ತಯಾರಾಗುವ ಹುಡುಗರು ಬೆಳಿಗ್ಗೆ ಗರಡಿ ಮನೆಯಲ್ಲಿ ದಂಡ, ಬೈಠಕ್ ಹೊಡೆದು ಸಂಜೆ ಜಿಮ್‌ಗೂ ಹೋಗುತ್ತಾರೆ. ಹಾಲು, ತುಪ್ಪ, ಬಾದಾಮಿ ಅರೆದ ಥಂಡಾಯಿ ಇದ್ದ ಜಾಗಕ್ಕೆ ದೊಡ್ಡ ದೊಡ್ಡ ಡಬ್ಬಿಗಳು ಬಂದಿವೆ. ಹಾಲಿನಿಂದ ತೆಗೆದ ವೇ ಪ್ರೋಟೀನ್, ಬಿಸಿಎಎ, ಇಎಎ, ಗ್ಲುಟಮಿನ್. ಎಲ್ಲವೂ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳ ಬೇರೆ ಬೇರೆ ರೂಪಗಳೇ.

ಅಲ್ಲಿ ಒಂದು ಮಾತುಕತೆ ಪದೇ ಪದೇ ಕಿವಿಗೆ ಬೀಳುತ್ತದೆ.

"ಅಣ್ಣಾ, ಮೂರು ತಿಂಗಳಾತು ಪೌಡರ್ ಕುಡ್ಯಾಕತ್ತು. ಮೈ ಬರವಲ್ದು."

"ನಿನ್ನ ಹಾರ್ಮೋನ್ ಕಡಿಮಿ ಅದಾವಲೇ ತಮ್ಮಾ, ಅದಕ್ಕ ಹತ್ತವಲ್ದು. ಒಂದು ಸೈಕಲ್ ಹೊಡಿ."

ಸೈಕಲ್ ಎಂದರೆ ಕೆಲವು ವಾರಗಳ ಸ್ಟೀರಾಯ್ಡ್ ಇಂಜೆಕ್ಷನ್, ಅಂದರೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಅಥವಾ ಅದರಂಥ ಮದ್ದು. ಹತ್ತೊಂಬತ್ತು ಇಪ್ಪತ್ತರ ಹುಡುಗನಿಗೆ ಈ ಸಲಹೆ ಸಿಗುತ್ತಿದೆ ಎಂಬುದೇ ಈ ಲೇಖನಕ್ಕೆ ಕಾರಣ. ಹಾರ್ಮೋನಿಗೂ ಅಮೈನೋ ಆಮ್ಲಕ್ಕೂ ನಂಟು ಇರುವುದು ನಿಜ. ಆದರೆ ಆರೋಗ್ಯವಾಗಿರುವ ಹುಡುಗನ ದೇಹದಲ್ಲಿ ಆ ನಂಟು ಕಡಿದುಹೋಗಿರುವುದಿಲ್ಲ. ಹಾರ್ಮೋನಿನ ಕಾರಣಕ್ಕೆ ತಿಂದದ್ದು ಮೈಗೆ ಹತ್ತದವರು ಬೇರೆಯೇ ಇದ್ದಾರೆ. ಅವರು ಬಹುತೇಕ ಅದೇ ಹುಡುಗನ ಮನೆಯಲ್ಲಿ, ಪಡಸಾಲೆಯಲ್ಲಿ ಕುಳಿತಿರುವ ಹಿರಿಯರು.

ಮೊದಲು ಅಮೈನೋ ಆಮ್ಲ ಸ್ನಾಯುವಿನ ಒಳಗೆ ಹೋಗುವ ದಾರಿ ನೋಡೋಣ. ನಾವು ತಿಂದ ಪ್ರೋಟೀನ್ ಹೊಟ್ಟೆ ಮತ್ತು ಕರುಳಿನಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಒಟ್ಟು 20 ಬಗೆ. ಅವುಗಳಲ್ಲಿ 9 ಅನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಇವೇ ಅಗತ್ಯ ಅಮೈನೋ ಆಮ್ಲಗಳು, ಅಂದರೆ ಇಎಎ. ಅರಗಿ ಬಂದ ಅಮೈನೋ ಆಮ್ಲಗಳಲ್ಲಿ ದೊಡ್ಡ ಪಾಲನ್ನು ಕರುಳು ಮತ್ತು ಲಿವರ್ ತಮ್ಮ ಕೆಲಸಕ್ಕೆ ಇಟ್ಟುಕೊಳ್ಳುತ್ತವೆ. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರನ್ನು ಮಾತ್ರ ಲಿವರ್ ಅಷ್ಟಾಗಿ ಮುಟ್ಟುವುದಿಲ್ಲ. ಅವು ನೇರವಾಗಿ ರಕ್ತಕ್ಕೆ ಬಂದು ಸ್ನಾಯು ಮುಟ್ಟುತ್ತವೆ. ಈ ಮೂರರ ಗುಂಪೇ ಬಿಸಿಎಎ.

ಸ್ನಾಯುವಿನ ಜೀವಕೋಶದ ಗೋಡೆಯಲ್ಲಿ ಸಾಗಣೆಯ ಪ್ರೋಟೀನ್‌ಗಳಿವೆ. ಲ್ಯಾಟ್-1 ಎಂಬುದು ಲ್ಯೂಸಿನ್ನನ್ನು ಒಳಗೆ ಬಿಡುತ್ತದೆ, ಬದಲಿಗೆ ಒಂದು ಗ್ಲುಟಮಿನ್ನನ್ನು ಹೊರಗೆ ಕಳಿಸುತ್ತದೆ. ಹಾಗೆ ಹೊರಹೋಗಲು ಬೇಕಾದ ಗ್ಲುಟಮಿನ್ನನ್ನು ಸ್ನ್ಯಾಟ್-2 ಎಂಬ ಇನ್ನೊಂದು ಒಳಗೆ ತಂದಿಟ್ಟಿರುತ್ತದೆ. ಎರಡೂ ಜೊತೆಯಾಗಿ ನಡೆಯಬೇಕು. ಒಳಗೆ ಬಂದ ಲ್ಯೂಸಿನ್ ಬರೀ ಕಚ್ಚಾ ಸಾಮಗ್ರಿ ಅಲ್ಲ, ಅದು ಸುದ್ದಿಯೂ ಹೌದು. "ಸಾಮಗ್ರಿ ಬಂದಿದೆ, ಕಟ್ಟಲು ಶುರು ಮಾಡಿ" ಎಂಬ ಸುದ್ದಿಯನ್ನು ಅದು ಎಂಟಾರ್ ಎಂಬ ಪ್ರೋಟೀನ್ ಕೂಟಕ್ಕೆ ಮುಟ್ಟಿಸುತ್ತದೆ.

ಎಂಟಾರ್ ಗೊತ್ತಾದ ಕಥೆಯಲ್ಲಿ ನಮ್ಮವರೊಬ್ಬರ ಪಾಲು ಇದೆ. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ 1970ರ ದಶಕದಲ್ಲಿ ರಾಪಾಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದ ತಂಡದ ಮುಂದಾಳು ಭಾರತ ಮೂಲದ ವಿಜ್ಞಾನಿ ಸುರೇನ್ ಸೆಹಗಲ್. ಆ ರಾಪಾಮೈಸಿನ್ ದೇಹದಲ್ಲಿ ಯಾವುದನ್ನು ತಡೆಯುತ್ತದೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎಂಟಾರ್. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯುವಕರಿಗೆ ಮೊದಲು ರಾಪಾಮೈಸಿನ್ ಕೊಟ್ಟು ಆಮೇಲೆ 10 ಗ್ರಾಂ ಅಗತ್ಯ ಅಮೈನೋ ಆಮ್ಲ ಕುಡಿಸಿದರು. ಸ್ನಾಯು ಪ್ರೋಟೀನಿನ ತಯಾರಿ ಏರಲೇ ಇಲ್ಲ. ಸಾಮಗ್ರಿ ಅಂಗಳಕ್ಕೆ ಬಂದಿತ್ತು, ಕೆಲಸ ಮಾತ್ರ ನಿಂತಿತ್ತು.

ಕಬ್ಬಿನ ಸೀಸನ್ನಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಲ್ಲುವುದನ್ನು ನಮ್ಮ ಭಾಗದವರು ನೋಡಿಯೇ ಇರುತ್ತೀರಿ. ಇನ್ನೂ ಹತ್ತು ಲೋಡು ಬಂದು ನಿಂತರೂ ಸಕ್ಕರೆ ಜಾಸ್ತಿ ಆಗುವುದಿಲ್ಲ, ಒಳಗೆ ಗಾಣ ತಿರುಗುವ ವೇಗವೇ ಅದನ್ನು ನಿರ್ಧರಿಸುತ್ತದೆ. ಅಮೈನೋ ಆಮ್ಲಗಳ ವಿಷಯದಲ್ಲಿ ಆ ವೇಗವನ್ನು ನಿರ್ಧರಿಸುವುದರಲ್ಲಿ ವ್ಯಾಯಾಮ ಮೊದಲು, ಹಾರ್ಮೋನ್ ಆಮೇಲೆ.

ಹಾರ್ಮೋನ್‌ಗಳಲ್ಲಿ ಊಟಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಇನ್ಸುಲಿನ್. ಸಕ್ಕರೆಯನ್ನು ಜೀವಕೋಶದೊಳಗೆ ಬಿಡುವುದು ಅದರ ಕೆಲಸ ಎಂದು ಎಲ್ಲರಿಗೂ ಗೊತ್ತು. ಅಮೈನೋ ಆಮ್ಲದ ವಿಷಯದಲ್ಲಿ ಅದು ಮೂರು ಕೆಲಸ ಮಾಡುತ್ತದೆ. ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ಸ್ನಾಯುವಿಗೆ ಹರಿಯುವ ರಕ್ತವನ್ನು ಹೆಚ್ಚಿಸುತ್ತದೆ. ಸ್ನ್ಯಾಟ್-2 ಸಾಗಣೆದಾರರನ್ನು ಜೀವಕೋಶದ ಗೋಡೆಗೆ ತಂದು ನಿಲ್ಲಿಸುತ್ತದೆ. ಇವೆರಡಕ್ಕಿಂತ ಮುಖ್ಯವಾಗಿ, ಇರುವ ಸ್ನಾಯು ಒಡೆಯುವುದನ್ನು ತಡೆಯುತ್ತದೆ. ನಮ್ಮ ಸ್ನಾಯು ಯಾವಾಗಲೂ ಒಂದು ಕಡೆ ಕಟ್ಟುತ್ತಾ, ಇನ್ನೊಂದು ಕಡೆ ಒಡೆಯುತ್ತಾ ಇರುತ್ತದೆ. ದಿನಕ್ಕೆ ಅದರ ಪ್ರೋಟೀನಿನ ಶೇಕಡಾ 1ರಿಂದ 2ರಷ್ಟು ಹೊಸದಾಗುತ್ತದೆ. ಒಡೆಯುವುದು ಕಡಿಮೆಯಾದರೂ ಲಾಭವೇ.

ಇದನ್ನೇ ಹಿಡಿದುಕೊಂಡು ಜಿಮ್‌ಗಳಲ್ಲಿ ಹೇಳುವ ಮಾತೊಂದಿದೆ. ಪೌಡರ್ ಜೊತೆ ಗ್ಲೂಕೋಸ್ ಅಥವಾ ಸಕ್ಕರೆ ಬೆರೆಸಿ ಕುಡಿ, ಇನ್ಸುಲಿನ್ ಏರುತ್ತದೆ, ಎಲ್ಲವೂ ಸ್ನಾಯುವಿಗೆ ಹೋಗುತ್ತದೆ ಅಂತ. ಕೇಳಲು ಸರಿಯೇ ಅನಿಸುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ವ್ಯಾಯಾಮದ ನಂತರ ಒಮ್ಮೆ 25 ಗ್ರಾಂ ವೇ ಮಾತ್ರ ಕೊಟ್ಟರು, ಇನ್ನೊಮ್ಮೆ ಅದರ ಜೊತೆ ಸಕ್ಕರೆಯ ಹಾಗೆ ಬೇಗ ಅರಗುವ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟವನ್ನು 50 ಗ್ರಾಂ ಸೇರಿಸಿದರು. ಇನ್ಸುಲಿನ್ ಬಹಳ ಏರಿತು. ಸ್ನಾಯು ಕಟ್ಟುವುದಾಗಲಿ, ಒಡೆಯುವುದನ್ನು ತಡೆಯುವುದಾಗಲಿ ಒಂದಿಷ್ಟೂ ಬದಲಾಗಲಿಲ್ಲ. ಕಾರಣ ಸರಳ. ಈ ಕೆಲಸಕ್ಕೆ ಬೇಕಾದ ಇನ್ಸುಲಿನ್ ತೀರಾ ಸ್ವಲ್ಪ. ಸಾಧಾರಣ ಊಟಕ್ಕೇ ಅಷ್ಟು ಏರುತ್ತದೆ. ಅಷ್ಟೇ ಅಲ್ಲ, ಲ್ಯೂಸಿನ್ ಮತ್ತು ವೇ ಪ್ರೋಟೀನ್ ತಾವೇ ಇನ್ಸುಲಿನ್ನನ್ನು ಹೊರಡಿಸುತ್ತವೆ. ಅದಕ್ಕೆ ಮೇಲೆ ಸಕ್ಕರೆ ಸುರಿಯುವ ಅಗತ್ಯವಿಲ್ಲ.

ಇನ್ನು ಕೆಲವರು ಇನ್ಸುಲಿನ್ ಇಂಜೆಕ್ಷನ್ನನ್ನೇ ತೆಗೆದುಕೊಳ್ಳುತ್ತಾರೆ. ಇದನ್ನು ನೇರವಾಗಿ ಹೇಳಬೇಕು. ಸಕ್ಕರೆ ಕಾಯಿಲೆ ಇಲ್ಲದವರು ಇನ್ಸುಲಿನ್ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಕುಸಿದು ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಸ್ನಾಯುವಿನ ಲಾಭಕ್ಕೆ ಬೇಕಾದಷ್ಟು ಇನ್ಸುಲಿನ್ ಮೈಯಲ್ಲಿ ಮೊದಲೇ ಇದೆ. ಹೆಚ್ಚಿನದ್ದರಿಂದ ಬರುವುದು ಅಪಾಯ ಮಾತ್ರ.

ಆದರೆ ಇನ್ಸುಲಿನ್ ಇದ್ದೂ ದೇಹ ಅದರ ಮಾತು ಕೇಳದಿದ್ದರೆ? ಟೈಪ್-2 ಸಕ್ಕರೆ ಕಾಯಿಲೆಯಲ್ಲಿ ಆಗುವುದು ಇದೇ. ವಯಸ್ಸಾದಂತೆ ಕಾಯಿಲೆ ಇಲ್ಲದವರಲ್ಲೂ ಸ್ವಲ್ಪ ಮಟ್ಟಿಗೆ ಹೀಗಾಗುತ್ತದೆ. ರಕ್ತನಾಳ ಹಿಗ್ಗುವುದಿಲ್ಲ, ಸ್ನಾಯುವಿಗೆ ರಕ್ತ ಸಾಲದು, ಅಮೈನೋ ಆಮ್ಲ ಬಂದರೂ ಕಟ್ಟುವ ಕೆಲಸ ಮಂದ. ಯುವಕನಿಗೆ ಒಂದು ಊಟದಲ್ಲಿ ದೇಹತೂಕದ ಪ್ರತಿ ಕಿಲೋಗೆ ಸುಮಾರು 0.24 ಗ್ರಾಂ ಪ್ರೋಟೀನ್ ಸಾಕಾದರೆ, 70ರ ಹತ್ತಿರದವರಿಗೆ ಅದೇ ಪರಿಣಾಮಕ್ಕೆ ಸುಮಾರು 0.4 ಗ್ರಾಂ ಬೇಕಾಗುತ್ತದೆ. ಅಂದರೆ ತೂಕದ ಲೆಕ್ಕದಲ್ಲಿ ಒಂದು ಊಟಕ್ಕೆ ಅಜ್ಜನಿಗೆ ಮೊಮ್ಮಗನಿಗಿಂತ ಜಾಸ್ತಿ ಪ್ರೋಟೀನ್ ಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ತದ್ವಿರುದ್ಧ. "ವಯಸ್ಸಾಯಿತು, ಹಗುರ ಊಟ ಸಾಕು" ಎಂದು ಎರಡು ಹೊತ್ತೂ ಗಂಜಿ, ಅನ್ನ ಸಾರು.

ಇದಕ್ಕೆ ಮದ್ದು ಡಬ್ಬಿಯಲ್ಲಿಲ್ಲ. 2007ರ ಒಂದು ಅಧ್ಯಯನದಲ್ಲಿ 70ರ ಆಸುಪಾಸಿನ ಆರೋಗ್ಯವಂತರನ್ನು ಹಿಂದಿನ ದಿನ 45 ನಿಮಿಷ ಬಿರುಸಾಗಿ ನಡೆಸಿದರು. ಮರುದಿನ ಇನ್ಸುಲಿನ್ ಕೊಟ್ಟಾಗ ಅವರ ಸ್ನಾಯು ಮತ್ತೆ ಚೆನ್ನಾಗಿ ಸ್ಪಂದಿಸಿತು. ನಡೆಯದೆ ಇದ್ದವರಲ್ಲಿ ಹಾಗಾಗಲಿಲ್ಲ. ಒಂದು ದಿನದ ನಡಿಗೆ ಮರುದಿನದ ಊಟ ಮೈಗೆ ಹತ್ತುವ ಹಾಗೆ ಮಾಡುತ್ತದೆ ಎಂಬುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಖುಷಿ ಕೊಟ್ಟ ಸಂಗತಿ. ವಿಜಯಪುರದ ಗೋಳಗುಮ್ಮಟದ ಉದ್ಯಾನದಲ್ಲಿ ಬೆಳಿಗ್ಗೆ ನಡೆಯುವ ಹಿರಿಯರಿಗೆ ಇದನ್ನು ಯಾರಾದರೂ ಹೇಳಬೇಕು. ನೀವು ಸಕ್ಕರೆ ಇಳಿಸಲು ಮಾತ್ರ ನಡೆಯುತ್ತಿಲ್ಲ, ಮಧ್ಯಾಹ್ನದ ಮೊಸರು, ಕಾಳು ಕಾಲಿನ ಸ್ನಾಯುವಿಗೆ ಹೋಗಲಿ ಎಂದೂ ನಡೆಯುತ್ತಿದ್ದೀರಿ ಅಂತ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಬಿಸಿಎಎಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಜನರನ್ನು 12 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಹೊರಬಂತು. ರಕ್ತದಲ್ಲಿ ಈ ಮೂರು ಮತ್ತು ಇನ್ನೆರಡು ಅಮೈನೋ ಆಮ್ಲ ಹೆಚ್ಚಿದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚಿತ್ತು. ಇದು ಕಾರಣವೋ ಪರಿಣಾಮವೋ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೂ ಹೊಟ್ಟೆ ಬಂದಿರುವ, ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವ ನಲವತ್ತರ ವ್ಯಕ್ತಿ ದಿನವಿಡೀ ಬಿಸಿಎಎ ನೀರು ಕುಡಿಯುತ್ತಾ ಕೂರುವುದು ಜಾಣತನ ಅಲ್ಲ ಎನ್ನಲು ಇಷ್ಟು ಸಾಕು.

ಈಗ ಟೆಸ್ಟೋಸ್ಟೆರಾನ್‌ಗೆ ಬರೋಣ. "ಇಂಜೆಕ್ಷನ್ ತಗೊಂಡರೆ ಪೌಡರ್ ಎಲ್ಲಾ ಸ್ನಾಯುವಿಗೆ ಎಳೆದುಕೊಳ್ಳುತ್ತದೆ" ಎಂಬುದು ಸೈಕಲ್ ಹೊಡೆಸುವವರ ವಾದ. ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್‌ನಲ್ಲಿ ಇದನ್ನು ಅಳೆದು 1998ರಲ್ಲಿ ವರದಿ ಮಾಡಿದ್ದಾರೆ. ಆರೋಗ್ಯವಂತ ಗಂಡಸರಿಗೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಕೊಟ್ಟು, ಐದು ದಿನಗಳ ನಂತರ ಉಪವಾಸದಲ್ಲಿ ಕಾಲಿನ ಸ್ನಾಯುವನ್ನು ಪರೀಕ್ಷಿಸಿದರು. ಪ್ರೋಟೀನ್ ಕಟ್ಟುವುದು ಸುಮಾರು ಎರಡು ಪಟ್ಟಾಗಿತ್ತು. ಆದರೆ ರಕ್ತದಿಂದ ಸ್ನಾಯುವಿನೊಳಗೆ ಬರುವ ಅಮೈನೋ ಆಮ್ಲ ಜಾಸ್ತಿ ಆಗಿರಲಿಲ್ಲ. ಒಳಗೆ ಒಡೆದು ಬಿದ್ದ ಅಮೈನೋ ಆಮ್ಲಗಳನ್ನೇ ಸ್ನಾಯು ಹೊರಗೆ ಬಿಡದೆ ಮತ್ತೆ ಬಳಸಿಕೊಂಡಿತ್ತು.

ಅಂದರೆ ಡಬ್ಬಿಯನ್ನು ತೋಳಿಗೆ ಎಳೆದು ತರುವ ಕೆಲಸವನ್ನು ಈ ಹಾರ್ಮೋನ್ ಮಾಡುವುದಿಲ್ಲ. ಅದು ಜೀನ್‌ಗಳ ಮಟ್ಟದಲ್ಲಿ, ನಿಧಾನವಾಗಿ, ವಾರಗಟ್ಟಲೆ ಕೆಲಸ ಮಾಡುತ್ತದೆ. ಸ್ನಾಯುವಿನ ಪಕ್ಕದ ಮೂಲಕೋಶಗಳನ್ನು ಹೆಚ್ಚಿಸುತ್ತದೆ. ಹೆಚ್ಚಿನ ಪ್ರಮಾಣದ ಇಂಜೆಕ್ಷನ್‌ನಿಂದ ಮೈ ಬರುತ್ತದೆಯೇ ಎಂದರೆ, ಬರುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಚ್ಚಿಟ್ಟರೆ ಹುಡುಗರು ಉಳಿದ ಮಾತನ್ನೂ ನಂಬುವುದಿಲ್ಲ. ಭಾರತ ಮೂಲದ ವೈದ್ಯ ಶಲೇಂದರ್ ಭಾಸಿನ್ ಅವರ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 600 ಮಿಲಿಗ್ರಾಂನಂತೆ 10 ವಾರ ತೆಗೆದುಕೊಂಡು ವ್ಯಾಯಾಮವನ್ನೂ ಮಾಡಿದವರ ಕೊಬ್ಬಿಲ್ಲದ ತೂಕ ಸರಾಸರಿ 6.1 ಕಿಲೋ ಏರಿತ್ತು. ಆದರೆ ಅದು ಆಯ್ದ 43 ಆರೋಗ್ಯವಂತರ ಮೇಲೆ, ವೈದ್ಯರ ಕಣ್ಣೆದುರು, ಹತ್ತೇ ವಾರ ನಡೆದ ಪ್ರಯೋಗ. ಜಿಮ್‌ನ ಹಿಂದಿನ ಕೋಣೆಯಲ್ಲಿ ಯಾವ ಸೀಸೆಯಲ್ಲಿ ಏನಿದೆ ಎಂದು ಹೇಳುವವರಿಲ್ಲ.

ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದ ಕೂಡಲೇ ಮೆದುಳು ವೃಷಣಗಳಿಗೆ ಕಳಿಸುವ ಆಜ್ಞೆಯನ್ನು ನಿಲ್ಲಿಸುತ್ತದೆ. ಮೈಯ ಸ್ವಂತ ತಯಾರಿ ಬಂದ್ ಆಗುತ್ತದೆ. ವೀರ್ಯಾಣು ಕುಸಿಯುತ್ತದೆ, ವೃಷಣ ಕುಗ್ಗುತ್ತದೆ. ರಕ್ತ ದಪ್ಪವಾಗುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಹೃದಯದ ಸ್ನಾಯು ದಪ್ಪಗಾಗುತ್ತದೆ. ಸೈಕಲ್ ಮುಗಿದ ಮೇಲೆ ಸ್ವಂತ ಹಾರ್ಮೋನ್ ಮರಳಲು ತಿಂಗಳುಗಳೇ ಹಿಡಿಯಬಹುದು, ಕೆಲವರಲ್ಲಿ ಅದಕ್ಕೂ ಜಾಸ್ತಿ. ಇಪ್ಪತ್ತರ ಹುಡುಗನ ಮೈಯಲ್ಲಿ ಟೆಸ್ಟೋಸ್ಟೆರಾನ್ ಜೀವನದಲ್ಲೇ ಅತಿ ಹೆಚ್ಚು ಇರುವ ಕಾಲ ಅದು. ಅವನಿಗೆ "ನಿನ್ನ ಹಾರ್ಮೋನ್ ಕಡಿಮೆ" ಎಂದು ರಕ್ತ ಪರೀಕ್ಷೆಯೂ ಇಲ್ಲದೆ ಹೇಳುವುದು ಸುಳ್ಳು, ಕ್ರೂರ ಸುಳ್ಳು.

ಕುಸ್ತಿ, ಸೈಕ್ಲಿಂಗ್‌ನಲ್ಲಿ ಮುಂದೆ ಹೋಗಬೇಕೆನ್ನುವ ನಮ್ಮ ಭಾಗದ ಮಕ್ಕಳಿಗೆ ಇನ್ನೊಂದು ಮಾತು. ಸೈಕಲ್‌ನಲ್ಲಿ ಚುಚ್ಚುವ ಅನಬಾಲಿಕ್ ಸ್ಟೀರಾಯ್ಡ್, ಬೆಳವಣಿಗೆಯ ಹಾರ್ಮೋನ್, ಇನ್ಸುಲಿನ್ ಮೂರೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ. ಭಾರತದಲ್ಲೂ 2022ರಲ್ಲಿ ಇದಕ್ಕೆಂದೇ ಕಾನೂನು ಬಂದಿದೆ. ಬೆಳವಣಿಗೆಯ ಹಾರ್ಮೋನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆರೋಗ್ಯವಂತರಲ್ಲಿ ಅದು ತೂಕ ಏರಿಸುತ್ತದೆ, ಅದರಲ್ಲಿ ನೀರಿನ ಪಾಲು ಬಹಳ, ಶಕ್ತಿ ಏರಿದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ವ್ಯಾಯಾಮ ಮಾಡಿದಾಗ ಸ್ವಲ್ಪ ಹೊತ್ತು ಈ ಹಾರ್ಮೋನ್‌ಗಳು ತಾವಾಗಿ ಏರುತ್ತವಲ್ಲ, ಆ ಏರಿಕೆಗೂ ಸ್ನಾಯು ಬೆಳೆಯುವುದಕ್ಕೂ ಸಂಬಂಧ ಕಾಣುವುದಿಲ್ಲ ಎಂದೂ ಮ್ಯಾಕ್‌ಮಾಸ್ಟರ್‌ನವರೇ ತೋರಿಸಿದ್ದಾರೆ. ಕೆಲಸ ಮಾಡಿದ ಸ್ನಾಯು ಒಂದು ದಿನದ ತನಕ ಅಮೈನೋ ಆಮ್ಲಕ್ಕೆ ಹೆಚ್ಚು ಸ್ಪಂದಿಸುತ್ತದೆ. ಅದು ಆ ಸ್ನಾಯುವಿನದೇ ಗುಣ.

ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಭಾರ ಎತ್ತಿದರೆ, ಪ್ರೋಟೀನ್ ತಿಂದರೆ ಗಂಡಸರ ಹಾಗೆ ಮೈ ಬರುತ್ತದೆ ಎಂಬ ಹೆದರಿಕೆ ಸುಳ್ಳು. ಹೆಣ್ಣುಮಕ್ಕಳಲ್ಲಿ ಟೆಸ್ಟೋಸ್ಟೆರಾನ್ ಬಹಳ ಕಡಿಮೆ ಇದ್ದರೂ ಊಟಕ್ಕೆ, ವ್ಯಾಯಾಮಕ್ಕೆ ಅವರ ಸ್ನಾಯು ಗಂಡಸರಷ್ಟೇ ಚೆನ್ನಾಗಿ ಸ್ಪಂದಿಸುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಸ್ನಾಯು, ಮೂಳೆ ಎರಡೂ ಸವೆಯಲು ಶುರುವಾಗುತ್ತವೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದು ಉಣ್ಣುವ ಅವ್ವಂದಿರಿಗೆ ಕಾಳು, ಮೊಸರು, ಮೊಟ್ಟೆಯ ಪಾಲು ಆಗ ಹೆಚ್ಚಬೇಕು.

ಊಟದ ಮಾತು ಬಂದದ್ದರಿಂದ ಜೋಳದ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಲ್ಯೂಸಿನ್ ನಮ್ಮ ಬಿಳಿಜೋಳದಲ್ಲಿ ಎಷ್ಟಿದೆ ಗೊತ್ತಾ? ಜೋಳದ 100 ಗ್ರಾಂ ಪ್ರೋಟೀನಿನಲ್ಲಿ ಸುಮಾರು 12 ಗ್ರಾಂ ಲ್ಯೂಸಿನ್. ಧಾನ್ಯಗಳಲ್ಲಿ ಇದು ಬಹಳ ಹೆಚ್ಚು. ಎಷ್ಟು ಹೆಚ್ಚೆಂದರೆ, ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರಾ ಎಂಬ, ಚರ್ಮ ಕೆಡಿಸುವ ಪೋಷಕಾಂಶ ಕೊರತೆಯ ಕಾಯಿಲೆಗೆ ಈ ಹೆಚ್ಚಿನ ಲ್ಯೂಸಿನ್ನೇ ಕಾರಣ ಇರಬಹುದೆಂದು ಹೈದರಾಬಾದಿನ ಪೌಷ್ಟಿಕ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಿಯ 1960ರಲ್ಲಿ ವಾದಿಸಿದರು. ಆ ವಾದ ಎಲ್ಲರೂ ಒಪ್ಪುವಷ್ಟು ಗಟ್ಟಿಯಾಗಲಿಲ್ಲ. ಬರೀ ಜೋಳ ತಿಂದು ಬೇರೇನೂ ಸಿಗದವರ ಕಾಯಿಲೆ ಅದು.

ಜೋಳದಲ್ಲಿ ಕಡಿಮೆ ಇರುವುದು ಲೈಸಿನ್ ಎಂಬ ಇನ್ನೊಂದು ಅಗತ್ಯ ಅಮೈನೋ ಆಮ್ಲ. ಅದು ಕಾಳುಗಳಲ್ಲಿ ಚೆನ್ನಾಗಿದೆ. 100 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 10 ಗ್ರಾಂ ಪ್ರೋಟೀನ್. ಒಂದು ಬಟ್ಟಲು ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಲೆಯಲ್ಲಿ 7 ಗ್ರಾಂ. ಎರಡು ಚಮಚ ಶೇಂಗಾ ಹಿಂಡಿಯಲ್ಲಿ 4ರಿಂದ 5 ಗ್ರಾಂ. ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 3ರಿಂದ 4 ಗ್ರಾಂ. ಕೂಡಿಸಿದರೆ ಹತ್ತಿರ ಹತ್ತಿರ 25 ಗ್ರಾಂ ಪ್ರೋಟೀನ್, 2 ಗ್ರಾಂ ದಾಟಿದ ಲ್ಯೂಸಿನ್. ಜೋಳದ ಪ್ರೋಟೀನ್ ವೇಯಷ್ಟು ಸಲೀಸಾಗಿ ಅರಗುವುದಿಲ್ಲ, ಅದು ನಿಜ. ಹಾಗಾಗಿ ಒಂದು ಮೊಟ್ಟೆಯೋ ಒಂದು ಲೋಟ ಹಾಲೋ ಸೇರಿದರೆ ಇನ್ನೂ ಒಳ್ಳೆಯದು. ಆದರೆ ಈ ತಾಟಿನಲ್ಲಿ ಒಂಬತ್ತೂ ಅಗತ್ಯ ಅಮೈನೋ ಆಮ್ಲ ಇವೆ. ಬಿಸಿಎಎ ಡಬ್ಬಿಯಲ್ಲಿ ಇರುವುದು ಮೂರೇ. ಉಳಿದ ಆರು ಇಲ್ಲದೆ ಸ್ನಾಯು ಕಟ್ಟಬೇಕೆಂದರೆ ದೇಹ ಅವನ್ನು ಬೇರೆ ಕಡೆಯ ಸ್ನಾಯು ಒಡೆದೇ ತರಬೇಕು. ಅದಕ್ಕೇ ಬಿಸಿಎಎ ಮಾತ್ರ ಕೊಟ್ಟಾಗ ಕಟ್ಟುವ ಕೆಲಸ ಸ್ವಲ್ಪ ಏರಿ ಅಲ್ಲಿಗೇ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಡಬ್ಬಿ ದುಡ್ಡು ದಂಡ.

ವೇ ಪ್ರೋಟೀನ್ ಬೇರೆ, ಅದರಲ್ಲಿ ಒಂಬತ್ತೂ ಅಗತ್ಯ ಅಮೈನೋ ಆಮ್ಲ ಇವೆ. ಕಷ್ಟಪಟ್ಟು ಸಾಮು ಮಾಡುವವರಿಗೆ ದಿನಕ್ಕೆ ಕಿಲೋಗೆ 1.6 ಗ್ರಾಂ ತನಕ ಪ್ರೋಟೀನ್ ಉಪಯೋಗಕ್ಕೆ ಬರುತ್ತದೆ, ಊಟದಲ್ಲಿ ಸಾಲದಿದ್ದರೆ ಒಂದು ಚಮಚ ವೇ ತಪ್ಪಲ್ಲ. ಆದರೆ ಡಬ್ಬಿಯಲ್ಲಿ ಬರೆದದ್ದೇ ಒಳಗಿದೆ ಎಂಬ ಭರವಸೆ ಇಲ್ಲ. 2024ರಲ್ಲಿ ಭಾರತದ 36 ಪ್ರೋಟೀನ್ ಪೌಡರ್‌ಗಳನ್ನು ಪರೀಕ್ಷಿಸಿದಾಗ ಸುಮಾರು ಶೇಕಡಾ 70ರಲ್ಲಿ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು, ಕೆಲವುಗಳಲ್ಲಿ ಬೂಷ್ಟಿನ ವಿಷವೂ ಇತ್ತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಹಾರ ಮಾರ್ಗಸೂಚಿ ಪ್ರೋಟೀನ್ ಪೌಡರ್ ಬೇಡ ಎಂದೇ ಹೇಳಿತು.

ಕೊನೆಯದು ಕಾರ್ಟಿಸಾಲ್. ಇದು ಉಳಿದವುಗಳಿಗೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಎಂಟಾರ್ ದಾರಿಯನ್ನು ತಗ್ಗಿಸುತ್ತದೆ, ಸ್ನಾಯುವನ್ನು ಒಡೆದು ಅಮೈನೋ ಆಮ್ಲಗಳನ್ನು ಲಿವರ್‌ಗೆ ಕಳಿಸಿ ಸಕ್ಕರೆ ಮಾಡಿಸುತ್ತದೆ. ಹಸಿವು, ಜ್ವರ, ಗಾಯದ ಹೊತ್ತಿನಲ್ಲಿ ಜೀವ ಉಳಿಸುವ ಹಾರ್ಮೋನ್ ಇದು. ನಿದ್ದೆಗೆಟ್ಟಾಗಲೂ ಏರುತ್ತದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟ ಯುವಜನರಲ್ಲಿ ಸ್ನಾಯು ಕಟ್ಟುವ ಕೆಲಸ ಶೇಕಡಾ 18ರಷ್ಟು ಇಳಿಯಿತು. ಕಾರ್ಟಿಸಾಲ್ ಶೇಕಡಾ 21 ಏರಿತು, ಟೆಸ್ಟೋಸ್ಟೆರಾನ್ ಶೇಕಡಾ 24 ಇಳಿಯಿತು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಜಿಮ್‌ಗೆ ಬರುವ ಹುಡುಗ "ಮೈ ಬರವಲ್ದು" ಎಂದರೆ, ಸೂಜಿಗಿಂತ ಮೊದಲು ಕೇಳಬೇಕಾದ್ದು ಎಷ್ಟು ಹೊತ್ತು ಮಲಗುತ್ತೀ ಅಂತ.

ಇದೇ ಕಾರ್ಟಿಸಾಲ್ ವಂಶದ ಮದ್ದು ಪ್ರೆಡ್ನಿಸಲೋನ್, ಡೆಕ್ಸಾಮೆಥಸೋನ್. ಆಸ್ತಮಾ, ಸಂಧಿವಾತದಂಥ ಕಾಯಿಲೆಗಳಿಗೆ ವೈದ್ಯರು ಲೆಕ್ಕ ಹಾಕಿ ಕೊಡುವ ಒಳ್ಳೆಯ ಔಷಧಿಗಳು ಇವು. ಆದರೆ ಹಳ್ಳಿಗಳಲ್ಲಿ ಮೊಣಕಾಲು ನೋವಿಗೆ ಹೆಸರಿಲ್ಲದ ಪೊಟ್ಟಣಗಳಲ್ಲೂ ಇವು ಸೇರಿರುತ್ತವೆ. ಒಂದೇ ದಿನದಲ್ಲಿ ನೋವು ಹೋಗುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. "ಗುಳಗಿ ಮೈಗೆ ಹತ್ತೇದ" ಎಂದು ಮನೆಯವರು ಖುಷಿಪಡುತ್ತಾರೆ. ತಿಂಗಳುಗಳ ನಂತರ ಅಜ್ಜಿಗೆ ನೆಲದಿಂದ ಏಳಲು ಆಗುವುದಿಲ್ಲ, ಮೆಟ್ಟಿಲು ಹತ್ತಲು ಆಗುವುದಿಲ್ಲ. ತೊಡೆ, ಸೊಂಟದ ಸ್ನಾಯು ಕರಗಿರುತ್ತದೆ. ಆಗ ಮಗ ಪಟ್ಟಣದಿಂದ ಪ್ರೋಟೀನ್ ಡಬ್ಬಿ ತಂದುಕೊಟ್ಟರೆ ಪ್ರಯೋಜನ ತೀರಾ ಕಡಿಮೆ, ಏಕೆಂದರೆ ಪೊಟ್ಟಣದ ಹಾರ್ಮೋನ್ ಒಳಗೆ ಬಂದ ಅಮೈನೋ ಆಮ್ಲವನ್ನು ಕಟ್ಟಲು ಬಿಡುತ್ತಿಲ್ಲ. ಕಿಡ್ನಿ ತೊಂದರೆ ಇದ್ದರಂತೂ ಹೆಚ್ಚಿನ ಪ್ರೋಟೀನ್ ಹಾನಿಯನ್ನೇ ಮಾಡಬಹುದು.

ಮನೆಯಲ್ಲಿ ಅಂಥ ಪೊಟ್ಟಣ ಇದ್ದರೆ ಅದನ್ನು ಹಾಗೆಯೇ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಯ ವೈದ್ಯರಿಗೋ ನಂಬಿಕೆಯ ಎಂಬಿಬಿಎಸ್ ವೈದ್ಯರಿಗೋ ತೋರಿಸಿ. ಗಾಬರಿಯಾಗಿ ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ಹೊರಗಿನಿಂದ ಬಂದಾಗ ದೇಹ ತನ್ನ ಕಾರ್ಟಿಸಾಲ್ ತಯಾರಿಯನ್ನು ನಿಲ್ಲಿಸಿರುತ್ತದೆ, ತಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರು ಹೇಳಿದ ಹಾಗೆ ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಬೇಕು. ಜೊತೆಗೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನು ದಿನಕ್ಕೆ ಕೆಲವು ಸಲ, ಯಾರಾದರೂ ಪಕ್ಕದಲ್ಲಿ ನಿಂತು ಮಾಡಿಸಿ. ಕಿಡ್ನಿ ಚೆನ್ನಾಗಿದ್ದರೆ ಪ್ರತಿ ಊಟದಲ್ಲೂ ಕಾಳು, ಮೊಸರು ಇರಲಿ.